ಮಳೆ ಅಷ್ಟೇ ಬಿದ್ದರೂ ನೀರು ಏಕೆ ಸಾಲದು? ಸಿಯೆರಾ ನೆವಾಡಾ ಬೆಟ್ಟಸಾಲು ಮತ್ತು ಅದರ ಕೆಳಗಿನ ಬಯಲು

ಪ್ರಶ್ನೆ: ನಾನು ಮದ್ದೂರು ಕಡೆಯ ರೈತ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ಮಗಳ ಮನೆಗೆ ಬಂದಿದ್ದೇನೆ. ಯೊಸೆಮಿಟಿ ನೋಡಲು ಹೋಗುವಾಗ ದಾರಿಯುದ್ದಕ್ಕೂ ಬಾದಾಮಿ ತೋಟ. ಕೆಲವು ಕಡೆ ಮರಗಳನ್ನು ಬೇರು ಸಮೇತ ಕಿತ್ತು ರಾಶಿ ಹಾಕಿದ್ದರು. ಬೆಟ್ಟ ಹತ್ತಿದರೆ ಸುಟ್ಟು ನಿಂತ ಮರಗಳು. ಹವಾಮಾನ ಬದಲಾವಣೆಯಿಂದ ಇಲ್ಲಿ ನೀರಿಗೆ ಕಷ್ಟ ಎಂದು ಅಳಿಯ ಹೇಳಿದ. ಆದರೆ ನೂರು ವರ್ಷದ ಲೆಕ್ಕದಲ್ಲಿ ಮಳೆ ಕಡಿಮೆ ಆಗಿಲ್ಲ ಎಂದೂ ಅವನೇ ಹೇಳಿದ. ಮಳೆ ಅಷ್ಟೇ ಬಿದ್ದರೆ ನೀರು ಎಲ್ಲಿಗೆ ಹೋಗುತ್ತದೆ? ಬೆಟ್ಟ ಬಿಸಿಯಾದರೆ ಬಯಲಿನ ರೈತನಿಗೇನು? ಇನ್ನೊಂದು ಮಾತು. ಚಳಿಗಾಲದ ಪ್ರವಾಹದ ನೀರನ್ನು ತೋಟಕ್ಕೇ ಬಿಡುತ್ತಾರಂತೆ. ಮರ ಕೊಳೆಯುವುದಿಲ್ಲವೇ?

ಉತ್ತರ: ಯಜಮಾನರೇ, ನಿಮ್ಮ ಅಳಿಯ ಹೇಳಿದ ಎರಡೂ ಮಾತು ನಿಜ. ಕ್ಯಾಲಿಫೋರ್ನಿಯಾದ ಮಳೆ ವರ್ಷದಿಂದ ವರ್ಷಕ್ಕೆ ಸಿಕ್ಕಾಪಟ್ಟೆ ಏರುಪೇರಾಗುತ್ತದೆ. ಆದರೆ ನೂರು ವರ್ಷದ ಲೆಕ್ಕ ಹಿಡಿದರೆ ಸ್ಪಷ್ಟವಾಗಿ ಇಳಿದಿದೆ ಎಂದು ಹೇಳುವ ಹಾಗಿಲ್ಲ. ಬದಲಾಗಿರುವುದು ನೀರು ಯಾವ ರೂಪದಲ್ಲಿ ಬೀಳುತ್ತದೆ, ಬಯಲಿಗೆ ಯಾವ ತಿಂಗಳಲ್ಲಿ ಇಳಿಯುತ್ತದೆ ಎಂಬುದು. ಇಲ್ಲಿನ ರೈತನ ಕಷ್ಟದ ಬುಡ ಅಲ್ಲಿದೆ.

ಮೊದಲು ಜಾಗದ ಪರಿಚಯ. ಸಿಯೆರಾ ನೆವಾಡಾ ಸುಮಾರು 640 ಕಿಲೋಮೀಟರ್ ಉದ್ದದ ಬೆಟ್ಟಸಾಲು. ಅದರ ಎತ್ತರದ ತುದಿ ಮೌಂಟ್ ವಿಟ್ನಿ, 4,421 ಮೀಟರ್. ಪಶ್ಚಿಮದ ಕಡೆ ಬೆಟ್ಟ ನಿಧಾನವಾಗಿ ಇಳಿಯುತ್ತದೆ. ಆ ಇಳಿಜಾರಿನ ಬುಡದಲ್ಲಿ ಉದ್ದಕ್ಕೂ ಚಾಚಿರುವುದೇ ಸೆಂಟ್ರಲ್ ವ್ಯಾಲಿ. ವ್ಯಾಲಿ ಎಂದರೂ ಕಣ್ಣಿಗೆ ಕಾಣುವುದು ಚಪ್ಪಟೆ ಬಯಲು. ಉದ್ದ ಸುಮಾರು 720 ಕಿಲೋಮೀಟರ್. ಉತ್ತರದ ಭಾಗಕ್ಕೆ ಸ್ಯಾಕ್ರಮೆಂಟೊ ನದಿಯ ಹೆಸರು, ದಕ್ಷಿಣಕ್ಕೆ ಸ್ಯಾನ್ ವಾಕೀನ್ ನದಿಯ ಹೆಸರು. ಜಗತ್ತಿನ ಬಾದಾಮಿಯಲ್ಲಿ ನೂರಕ್ಕೆ ಹತ್ತಿರ ಹತ್ತಿರ 80 ಪಾಲು ಬೆಳೆಯುವುದು ಈ ಬಯಲಿನಲ್ಲಿ. ಇಲ್ಲಿಂದ ಹೊರದೇಶಕ್ಕೆ ಹೋಗುವ ಬಾದಾಮಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ನಮ್ಮದೇ. ಮಂಡ್ಯದ ಅಂಗಡಿಯಲ್ಲಿ ಸಿಗುವ ಬಾದಾಮಿಯಲ್ಲೂ ಈ ಬೆಟ್ಟದ ಹಿಮ ಕರಗಿದ ನೀರು ಇರುತ್ತದೆ.

ನಿಮ್ಮ ಕಡೆಗೂ ಇಲ್ಲಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅದು ಮನಸ್ಸಿನಲ್ಲಿದ್ದರೆ ಉಳಿದದ್ದು ಸುಲಭ. ಕೊಡಗಿನಲ್ಲಿ ಮಳೆ ಹಿಡಿದಾಗ ನಿಮ್ಮ ಹೊಲದಲ್ಲೂ ಬೆಳೆ ಇರುತ್ತದೆ. ಮುಂಗಾರಿನಲ್ಲಿ ಕೆಆರ್‌ಎಸ್ ತುಂಬುವುದೂ ನಾಲೆಗೆ ನೀರು ಬಿಡುವುದೂ ಒಂದರ ಹಿಂದೆ ಒಂದು ನಡೆಯುತ್ತದೆ. ಇಲ್ಲಿ ಹಾಗಲ್ಲ. ಮಳೆ ಬರುವುದು ನವೆಂಬರ್‌ನಿಂದ ಮಾರ್ಚ್‌ವರೆಗೆ. ಆಗ ಮರಗಳು ಎಲೆ ಉದುರಿಸಿ ಮಲಗಿರುತ್ತವೆ. ಬೆಳೆಗೆ ನೀರು ಬೇಕಾಗುವುದು ಮೇ, ಜೂನ್, ಜುಲೈ, ಆಗಸ್ಟ್‌ನಲ್ಲಿ. ಆ ನಾಲ್ಕು ತಿಂಗಳು ಬಯಲಿನಲ್ಲಿ ಮಳೆ ಇಲ್ಲವೆಂದೇ ಹೇಳಬೇಕು. ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಜನವರಿಯಲ್ಲಿ ಬಿದ್ದ ನೀರನ್ನು ಜುಲೈವರೆಗೆ ಯಾರಾದರೂ ಹಿಡಿದಿಡಬೇಕು, ಅಲ್ವಾ? ಆ ಕೆಲಸವನ್ನು ಬೆಟ್ಟದ ಹಿಮ ಮಾಡಿಕೊಂಡು ಬಂದಿತ್ತು. ಚಳಿಗಾಲದಲ್ಲಿ ಮೇಲೆ ಹಿಮವಾಗಿ ಬಿದ್ದದ್ದು ಏಪ್ರಿಲ್‌ನಿಂದ ಕರಗಲು ಶುರುವಾಗಿ, ಜುಲೈವರೆಗೂ ನಿಧಾನಕ್ಕೆ ನದಿಗೆ ಇಳಿಯುತ್ತಿತ್ತು. ಕ್ಯಾಲಿಫೋರ್ನಿಯಾ ಬಳಸುವ ನೀರಿನಲ್ಲಿ ಸರಾಸರಿ ಶೇಕಡಾ 30ರಷ್ಟು ಹೀಗೆ ಹಿಮದಿಂದ ಬಂದದ್ದು.

ಅಣೆಕಟ್ಟುಗಳಿಲ್ಲವೇ ಎಂದು ನೀವು ಕೇಳಬಹುದು. ಬೇಕಾದಷ್ಟಿವೆ. ಆದರೆ ಅವನ್ನು ಹಿಮವನ್ನು ನಂಬಿಕೊಂಡು ಕಟ್ಟಿದ್ದಾರೆ. ಫ್ರೆಸ್ನೊ ಊರಿನ ಮೇಲ್ಗಡೆ ಸ್ಯಾನ್ ವಾಕೀನ್ ನದಿಗೆ ಫ್ರಿಯಾಂಟ್ ಅಣೆಕಟ್ಟು ಇದೆ. ಅದರ ಜಲಾಶಯದ ಹೆಸರು ಮಿಲರ್ಟನ್. ನಿಮಗೆ ಪರಿಚಯದ ಟಿಎಂಸಿ ಲೆಕ್ಕದಲ್ಲಿ ಹೇಳುವುದಾದರೆ ಅದರ ಸಾಮರ್ಥ್ಯ ಸುಮಾರು 22 ಟಿಎಂಸಿ. ಕೆಆರ್‌ಎಸ್‌ನ 49 ಟಿಎಂಸಿಯ ಅರ್ಧವೂ ಇಲ್ಲ. ಆದರೆ ಆ ನದಿಯಲ್ಲಿ ವರ್ಷಕ್ಕೆ ಸರಾಸರಿ ಬರುವ ನೀರು ಸುಮಾರು 75 ಟಿಎಂಸಿ. ಅದರ ಮೂರನೇ ಒಂದು ಪಾಲೂ ಒಟ್ಟಿಗೆ ನಿಲ್ಲದ ಜಲಾಶಯ ಸಾಕು ಎಂದು ಯಾರೋ ಎಂಜಿನಿಯರ್‌ಗಳು ಲೆಕ್ಕ ಹಾಕಿದ್ದರು. ಅವರು ದಡ್ಡರಲ್ಲ. ಹಿಮ ನಿಧಾನಕ್ಕೆ ಕರಗುತ್ತದೆ, ಬಂದದ್ದನ್ನು ಬಂದ ಹಾಗೆ ಕಾಲುವೆಗೆ ಕೊಡಬಹುದು ಎಂಬ ಧೈರ್ಯ ಅವರದು. ಅವರ ಕಾಲದ ಬೆಟ್ಟಕ್ಕೆ ಅದು ಸರಿಯಾದ ಲೆಕ್ಕವೇ ಆಗಿತ್ತು.

ಈಗ ಬಿಸಿ ಏರಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಮಳೆ ಹಿಮವಾಗುವ ಗೆರೆ ಬೆಟ್ಟದ ಮೇಲೆ ಸುಮಾರು 150 ಮೀಟರ್ ಹತ್ತುತ್ತದೆ. 150 ಮೀಟರ್ ಏನು ಮಹಾ ಅನ್ನಿಸಬಹುದು. ಆದರೆ ಈ ಬೆಟ್ಟದ ಪಶ್ಚಿಮದ ಇಳಿಜಾರು ತುಂಬಾ ನಿಧಾನದ್ದು ಎಂದೆನಲ್ಲ, ಅಲ್ಲಿ 150 ಮೀಟರ್ ಏರಬೇಕಾದರೆ ಮೈಲುಗಟ್ಟಲೆ ನೆಲ ದಾಟಬೇಕು. ಅಷ್ಟೂ ನೆಲದಲ್ಲಿ ಹಿಮ ಬೀಳುವ ಬದಲು ಮಳೆ ಬೀಳುತ್ತದೆ. ಮಳೆ ಅಲ್ಲಿ ನಿಲ್ಲುವುದಿಲ್ಲ. ಒಂದೆರಡು ದಿನದಲ್ಲಿ ಅಣೆಕಟ್ಟಿಗೆ ಬರುತ್ತದೆ. ಮೇಲೆ ಉಳಿದ ಹಿಮವೂ ಬೇಗ ಕರಗುತ್ತಿದೆ. ಅಮೆರಿಕದ ಪಶ್ಚಿಮದ ಬೆಟ್ಟಗಳ ನದಿಗಳಲ್ಲಿ ಹಿಮದ ನೀರು ಇಳಿಯುವ ಕಾಲ 20ನೇ ಶತಮಾನದ ನಡುವಿಗೆ ಹೋಲಿಸಿದರೆ ಒಂದರಿಂದ ನಾಲ್ಕು ವಾರ ಮೊದಲೇ ಬರುತ್ತಿದೆ.

ಚಳಿಗಾಲದಲ್ಲೇ ನೀರು ಬಂದರೆ ತುಂಬಿಸಿಕೊಳ್ಳಬಹುದಲ್ಲ? ಆಗುವುದಿಲ್ಲ. ಇಲ್ಲಿನ ಅಣೆಕಟ್ಟುಗಳಿಗೆ ಎರಡು ಕೆಲಸ. ಬೇಸಿಗೆಗೆ ನೀರು ಕೂಡಿಡಬೇಕು. ಚಳಿಗಾಲದಲ್ಲಿ ಪ್ರವಾಹ ತಡೆಯಬೇಕು. ಪ್ರವಾಹ ತಡೆಯಬೇಕಾದರೆ ಜಲಾಶಯದಲ್ಲಿ ಖಾಲಿ ಜಾಗ ಇಟ್ಟುಕೊಂಡಿರಬೇಕು. ಜನವರಿಯಲ್ಲಿ ದೊಡ್ಡ ಮಳೆ ಬಂದು ಜಾಗ ತುಂಬಿದರೆ ನಿಯಮದ ಪ್ರಕಾರ ಗೇಟು ತೆಗೆದು ನೀರು ಬಿಡಬೇಕು. ಮುಂದಿನ ಮಳೆಗೆ ಜಾಗ ಬೇಕಲ್ಲ. ಹಿಂದೆ ಹಾಗೆ ಬಿಟ್ಟರೂ ಚಿಂತೆ ಇರಲಿಲ್ಲ. ಮೇಲೆ ಹಿಮ ಇತ್ತು, ವಸಂತದಲ್ಲಿ ಮತ್ತೆ ತುಂಬುತ್ತಿತ್ತು. ಈಗ ಜನವರಿಯಲ್ಲಿ ಬಿಟ್ಟ ನೀರು ಸಮುದ್ರ ಸೇರಿರುತ್ತದೆ, ಮೇ ತಿಂಗಳಿಗೆ ಬೆಟ್ಟದ ಮೇಲೆ ಕರಗಲು ಮೊದಲಿನಷ್ಟು ಹಿಮ ಉಳಿದಿರುವುದಿಲ್ಲ. ಒಟ್ಟು ಮಳೆ ಅಷ್ಟೇ ಇದ್ದರೂ ರೈತನ ನಾಲೆ ಒಣಗುವುದು ಹೀಗೆ.

2015 ಇದನ್ನು ಎಲ್ಲರಿಗೂ ತೋರಿಸಿದ ವರ್ಷ. ಪ್ರತಿ ವರ್ಷ ಏಪ್ರಿಲ್ 1ರ ಹೊತ್ತಿಗೆ ಹಿಮ ಅಳೆಯುವುದು ಇಲ್ಲಿನ ಪದ್ಧತಿ. ಟೊಳ್ಳಾದ ಕೊಳವೆಯನ್ನು ಹಿಮಕ್ಕೆ ಚುಚ್ಚಿ, ಎತ್ತಿ, ತೂಕ ಮಾಡುತ್ತಾರೆ. ತೂಕದಿಂದ ಅದರಲ್ಲಿ ಎಷ್ಟು ನೀರಿದೆ ಎಂದು ಗೊತ್ತಾಗುತ್ತದೆ. ಈ ವಿಧಾನವನ್ನು ನೂರು ವರ್ಷಕ್ಕೂ ಹಿಂದೆ ರೂಪಿಸಿದವರು ಜೇಮ್ಸ್ ಚರ್ಚ್. ಅವರು ನೆವಾಡಾ ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್ ಪಾಠ ಮಾಡುತ್ತಿದ್ದ ಮೇಷ್ಟ್ರು. 2015ರ ಏಪ್ರಿಲ್ 1ರಂದು ಆಗಿನ ಗವರ್ನರ್ ಜೆರ್ರಿ ಬ್ರೌನ್ ಹಿಮ ಅಳೆಯುವ ಫಿಲಿಪ್ಸ್ ಸ್ಟೇಷನ್ ಎಂಬಲ್ಲಿಗೆ ಹೋದಾಗ ಹಿಮವೇ ಇರಲಿಲ್ಲ. ಬರೀ ಹುಲ್ಲಿನ ಮೇಲೆ ನಿಂತು, ಊರು ಪಟ್ಟಣಗಳ ನೀರಿನ ಬಳಕೆ ಶೇಕಡಾ 25 ಕಡಿಮೆಯಾಗಬೇಕು ಎಂದು ಆದೇಶಿಸಿದರು. ರಾಜ್ಯದ ಹಿಮ ಸರಾಸರಿಯ ಶೇಕಡಾ 5ಕ್ಕೆ ಇಳಿದಿತ್ತು. ಆ ವರ್ಷ ಮಳೆಯೂ ಕಡಿಮೆಯೇ. ಆದರೆ ಹಿಮದಷ್ಟು ಕೆಟ್ಟಿರಲಿಲ್ಲ. ಚಳಿಗಾಲ ಬಿಸಿಯಾಗಿತ್ತು, ಬಂದದ್ದು ಮಳೆಯಾಗಿ ಬಂದು ಹೋಯಿತು. ಹಳೆಯ ಮರಗಳ ಉಂಗುರ ಓದಿದ ವಿಜ್ಞಾನಿಗಳು, ಕಳೆದ 500 ವರ್ಷದಲ್ಲಿ ಇಷ್ಟು ಕಡಿಮೆ ಹಿಮದ ವರ್ಷ ಇರಲಿಲ್ಲ ಎಂದರು.

2021ರದು ಬೇರೆ ಪಾಠ. ಆ ಏಪ್ರಿಲ್‌ನಲ್ಲಿ ಸರಾಸರಿಯ ಸುಮಾರು ಶೇಕಡಾ 60ರಷ್ಟು ಹಿಮ ಇತ್ತು. ಅದಕ್ಕೆ ತಕ್ಕಷ್ಟು ನೀರು ಬರುತ್ತದೆ ಎಂದು ಲೆಕ್ಕ ಹಾಕಿದರು. ಬರಲಿಲ್ಲ. ಹಿಂದಿನ ವರ್ಷದ ಬರದಿಂದ ಬೆಟ್ಟದ ಮಣ್ಣು ಒಣಗಿ ಕಾದಿತ್ತು. ಕರಗಿದ್ದರಲ್ಲಿ ತುಂಬಾ ಪಾಲನ್ನು ಅದೇ ಕುಡಿಯಿತು, ಇನ್ನಷ್ಟನ್ನು ಬಿಸಿ ಗಾಳಿ ಹೀರಿತು. ಹಳೆಯ ವರ್ಷಗಳ ಅಂಕಿ ನೋಡಿ ಮುಂದಿನದನ್ನು ಹೇಳುವ ದಾರಿ ಈಗ ಸಾಕಾಗುತ್ತಿಲ್ಲ. 2013ರಿಂದ ವಿಮಾನದಲ್ಲಿ ಹಾರಿ, ಲೇಸರ್ ಕಿರಣ ಬಿಟ್ಟು ಹಿಮದ ಆಳ ಅಳೆಯುವ ಕೆಲಸ ಟುವಾಲಮಿ ನದಿಯ ಕಣಿವೆಯಲ್ಲಿ ಶುರುವಾಗಿ ಈಗ ಬೇರೆ ಕಣಿವೆಗಳಿಗೂ ಹಬ್ಬಿದೆ. ನನ್ನ ಮಟ್ಟಿಗೆ ಹೊಸ ಅಣೆಕಟ್ಟಿಗಿಂತ ಇಂಥ ಅಳತೆಗೆ ಹಾಕಿದ ದುಡ್ಡು ಹೆಚ್ಚು ಕೆಲಸಕ್ಕೆ ಬರುತ್ತದೆ.

ಎಲ್ಲ ಕಡೆ ಒಂದೇ ಹಾಗೆ ಆಗುತ್ತಿಲ್ಲ ಎಂಬುದನ್ನೂ ಹೇಳಬೇಕು. ಈ ಬೆಟ್ಟಸಾಲು ಉತ್ತರದಲ್ಲಿ ತಗ್ಗು, ದಕ್ಷಿಣಕ್ಕೆ ಹೋದಂತೆ ಎತ್ತರ. ಉತ್ತರದ ಫೆದರ್ ನದಿಯ ಬೆಟ್ಟಗಳು ಮೊದಲೇ ಹಿಮದ ಗೆರೆಗೆ ಹತ್ತಿರ ಇವೆ. ಸ್ವಲ್ಪ ಬಿಸಿಯಾದರೂ ಅಲ್ಲಿ ಹಿಮ ಮಳೆಯಾಗುತ್ತದೆ. ದಕ್ಷಿಣದ ಕಿಂಗ್ಸ್, ಕರ್ನ್ ನದಿಗಳ ತಲೆ 4,000 ಮೀಟರ್ ಹತ್ತಿರ ಇರುವುದರಿಂದ ಅಲ್ಲಿ ಇನ್ನೂ ಸ್ವಲ್ಪ ಕಾಲ ತಡೆಯುತ್ತದೆ. ಫೆದರ್ ನದಿಯ ಒರೊವಿಲ್ ಅಣೆಕಟ್ಟಿನಲ್ಲಿ 2017ರ ಫೆಬ್ರವರಿಯಲ್ಲಿ ಆದದ್ದು ನೆನಪಿರಬಹುದು. ಬಿಸಿ ಹವೆಯ ಭಾರೀ ಮಳೆ ಬಂತು, ಕೋಡಿಯ ಕಾಂಕ್ರೀಟು ಕಿತ್ತು ಹೋಯಿತು, ಕೆಳಗಿನ 1,88,000 ಜನರನ್ನು ಮನೆ ಬಿಡಿಸಿದರು. ನೂರು ವರ್ಷದ ಹಿಂದೆ ಪಂಜಾಬಿನಿಂದ ಬಂದು ಪೀಚ್ ತೋಟ ಮಾಡಿದವರ ಮನೆತನಗಳಿರುವ ಯೂಬಾ ಸಿಟಿ ಕೂಡ ಅದರಲ್ಲಿ ಸೇರಿತ್ತು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿ ಹೊರಬಲ್ಲದು. ಪೆಸಿಫಿಕ್ ಸಮುದ್ರದಿಂದ ಉದ್ದನೆಯ ಪಟ್ಟಿಯ ಹಾಗೆ ಬಂದು ಬೆಟ್ಟಕ್ಕೆ ಬಡಿಯುವ ಇಲ್ಲಿನ ಚಳಿಗಾಲದ ಮಳೆ ಇದರಿಂದ ಇನ್ನೂ ಜೋರಾಗುತ್ತದೆ. ಬರವೂ ಪ್ರವಾಹವೂ ಒಂದೇ ಕಾರಣದ ಎರಡು ಮುಖ.

ಅದನ್ನು 2023ರಷ್ಟು ಚೆನ್ನಾಗಿ ಹೇಳುವ ವರ್ಷ ಇನ್ನೊಂದಿಲ್ಲ. ಮೂರು ವರ್ಷ ಬರ, ಆಮೇಲೆ ಏಪ್ರಿಲ್‌ನಲ್ಲಿ ಸರಾಸರಿಯ ಶೇಕಡಾ 237ರಷ್ಟು ಹಿಮ. ಬಯಲಿನ ದಕ್ಷಿಣದಲ್ಲಿ ಹಿಂದೆ ಟುಲೇರಿ ಎಂಬ ದೊಡ್ಡ ಸರೋವರ ಇತ್ತು. ಟಾಚಿ ಯೋಕಟ್ ಎಂಬ ಮೂಲನಿವಾಸಿಗಳು ಅದರ ದಡದಲ್ಲಿ ಬದುಕಿದ್ದರು. ಬೇಸಾಯಕ್ಕೆ ಬಂದವರು ಅದಕ್ಕೆ ಸೇರುವ ನದಿಗಳನ್ನು ತಿರುಗಿಸಿ ಬತ್ತಿಸಿದರು. ತಳದಲ್ಲಿ ಹತ್ತಿ, ಟೊಮೆಟೊ ಬೆಳೆದರು. ಆ ವರ್ಷ ನೀರು ತನ್ನ ಹಳೆಯ ಜಾಗಕ್ಕೆ ಬಂತು. ಒಂದು ಲಕ್ಷ ಎಕರೆಗೂ ಮೀರಿ ಹೊಲ ಮುಳುಗಿತು. ಹಸುಗಳನ್ನು ಲಾರಿಗಳಲ್ಲಿ ಸಾಗಿಸಿದರು.

ಟುಲೇರಿ ಅಷ್ಟು ಮುಳುಗಲು ಇನ್ನೊಂದು ಕಾರಣವೂ ಇದೆ. ನೆಲವೇ ಕುಸಿದಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೋರ್‌ವೆಲ್ ಕಂಡ ರೈತನಿಗೆ ಇದು ಬೇಗ ಅರ್ಥವಾಗುತ್ತದೆ.

ನಾಲೆಗೆ ನೀರು ಬರದ ವರ್ಷ ಇಲ್ಲಿನ ರೈತ ಮಾಡುವುದೂ ನಿಮ್ಮ ಕಡೆಯವರು ಮಾಡುವುದನ್ನೇ. ಬೋರು ಕೊರೆಸುತ್ತಾನೆ. ಬಾದಾಮಿ, ಪಿಸ್ತಾ ಮರಗಳನ್ನು ಒಂದು ವರ್ಷ ಸುಮ್ನೆ ಬಿಡಲಾಗದು. ಭತ್ತ, ಟೊಮೆಟೊ ಆದರೆ ನೀರಿಲ್ಲದ ವರ್ಷ ಬೀಳು ಬಿಡಬಹುದು, ಮರ ಹಾಗಲ್ಲ. ಹಾಗಾಗಿ ಬರದಲ್ಲಿ ಎಷ್ಟು ಆಳವಾದರೂ ಸರಿ ಎತ್ತಲೇಬೇಕು. ಈ ಬಯಲಿನ ಅಡಿಯ ನೀರು ಹಗೇವಿನ ಹಾಗಿತ್ತು. ಒಳ್ಳೆ ವರ್ಷ ತುಂಬಿಸಿ, ಕೆಟ್ಟ ವರ್ಷ ತೆಗೆಯಬೇಕಿತ್ತು. ತೆಗೆಯುವುದಷ್ಟೇ ನಡೆಯಿತು. ಕೆಳಗೆ ಜೇಡಿಮಣ್ಣಿನ ಪದರಗಳಿವೆ. ನೀರು ಹೋದ ಮೇಲೆ ಅವು ಮೇಲಿನ ಭಾರಕ್ಕೆ ಒತ್ತಿ ಚಪ್ಪಟೆಯಾಗುತ್ತವೆ. ಗೋಡೆ ಕುಸಿದ ಹಗೇವು ಮತ್ತೆ ಅಷ್ಟೇ ಧಾನ್ಯ ಹಿಡಿಯುವುದಿಲ್ಲ, ಇದೂ ಹಾಗೆಯೇ. ಮೆಂಡೋಟ ಊರಿನ ಹತ್ತಿರ 1977ರಲ್ಲಿ ತೆಗೆದ ಒಂದು ಹೆಸರುವಾಸಿ ಫೋಟೋ ಇದೆ. ಭೂವಿಜ್ಞಾನಿ ಜೋಸೆಫ್ ಪೋಲೆಂಡ್ ಒಂದು ಕಂಬದ ಪಕ್ಕ ನಿಂತಿದ್ದಾರೆ. 1925ರಲ್ಲಿ ನೆಲ ಎಲ್ಲಿತ್ತು ಎಂಬ ಫಲಕ ಅವರ ತಲೆಯ ಮೇಲೆ ಸುಮಾರು 9 ಮೀಟರ್ ಎತ್ತರದಲ್ಲಿದೆ. ಈಚಿನ ಬರಗಾಲಗಳಲ್ಲೂ ಕೆಲವು ಜಾಗ ವರ್ಷಕ್ಕೆ ಒಂದಡಿ ಇಳಿದಿದೆ.

ನೆಲ ಇಳಿದರೆ ಕಾಲುವೆಯೂ ಇಳಿಯುತ್ತದೆ. ಫ್ರಿಯಾಂಟ್ ಅಣೆಕಟ್ಟಿನಿಂದ ದಕ್ಷಿಣಕ್ಕೆ 245 ಕಿಲೋಮೀಟರ್ ಹೋಗುವ ಫ್ರಿಯಾಂಟ್-ಕರ್ನ್ ಕಾಲುವೆಗೆ ಪಂಪಿಲ್ಲ. ಇಳಿಜಾರಿನಲ್ಲಿ ತಾನಾಗಿ ಹರಿಯುತ್ತದೆ. ನಡುವೆ ಒಂದು ಕಡೆ ನೆಲ ಬಗ್ಗಿ, ಅಲ್ಲಿ ಕಾಲುವೆ ಸಾಗಿಸುವ ನೀರು ಅರ್ಧಕ್ಕಿಂತ ಕೆಳಗೆ ಇಳಿಯಿತು. ಪಕ್ಕದಲ್ಲೇ 10 ಮೈಲಿ ಹೊಸ ಕಾಲುವೆ ಕಟ್ಟಬೇಕಾಯಿತು. ಹಿಮ ಕಡಿಮೆಯಾದದ್ದಕ್ಕೆ ಬೋರು, ಬೋರಿನಿಂದ ನೆಲ ಕುಸಿತ, ಕುಸಿತದಿಂದ ಇದ್ದ ನಾಲೆಯ ನೀರೂ ಕಡಿಮೆ, ಅದಕ್ಕೆ ಮತ್ತೆ ಬೋರು. ಎಲ್ಲಕ್ಕಿಂತ ನೋವಿನದು ಬಡವರ ಬಾವಿ. ದೊಡ್ಡ ತೋಟದವರ ಬೋರು ನೂರಾರು ಅಡಿ ಕೆಳಗೆ ಹೋದಾಗ ಪಕ್ಕದ ಕೂಲಿಕಾರರ ಮನೆಯ ಆಳವಿಲ್ಲದ ಬಾವಿ ಬತ್ತುತ್ತದೆ. 2014ರ ಹೊತ್ತಿಗೆ ಈಸ್ಟ್ ಪೋರ್ಟರ್‌ವಿಲ್ ಎಂಬ ಊರಿನಲ್ಲಿ ನೂರಾರು ಮನೆಗಳ ನಲ್ಲಿ ಒಣಗಿತ್ತು. ಅಮೆರಿಕದಂಥ ದೇಶದಲ್ಲಿ ಮನೆ ಮುಂದೆ ಟ್ಯಾಂಕ್ ಇಟ್ಟು ಲಾರಿಯಲ್ಲಿ ನೀರು ತುಂಬಿಸಿದರು. ಜಗತ್ತಿಗೆ ಹಣ್ಣು, ಬೀಜ ಕೀಳುವ ಕೈಗಳಿಗೆ ಕುಡಿಯುವ ನೀರಿಲ್ಲ ಎಂಬುದನ್ನು ನಾನು ಒಪ್ಪಿಕೊಳ್ಳಲಾರೆ.

ನೀವು ಕಂಡ ಕಿತ್ತ ಮರಗಳ ಬಗ್ಗೆ. ಎಲ್ಲವೂ ಹವಾಮಾನದ ಲೆಕ್ಕಕ್ಕೆ ಸೇರುವುದಿಲ್ಲ. ಬಾದಾಮಿ ಮರವನ್ನು ಸುಮಾರು 25 ವರ್ಷಕ್ಕೆ ಕೀಳುವುದು ಮಾಮೂಲು, ಆಮೇಲೆ ಇಳುವರಿ ಸಾಲದು. ಬೆಲೆ ಬಿದ್ದಾಗಲೂ ಕೀಳುತ್ತಾರೆ. ಅದರ ಜೊತೆಗೆ ಈಗ ನೀರಿನ ಲೆಕ್ಕವೂ ಸೇರಿದೆ. 2014ರಲ್ಲಿ ರಾಜ್ಯ ಒಂದು ಕಾನೂನು ಮಾಡಿತು. ಅಂತರ್ಜಲ ತುಂಬಾ ಕುಸಿದ ಪ್ರದೇಶಗಳು 2040ರ ಒಳಗೆ ತೆಗೆಯುವುದನ್ನೂ ತುಂಬುವುದನ್ನೂ ಸರಿದೂಗಿಸಬೇಕು. ಹಾಗೆ ಮಾಡಬೇಕಾದರೆ ಸ್ಯಾನ್ ವಾಕೀನ್ ಭಾಗದಲ್ಲಿ ಕನಿಷ್ಠ 5 ಲಕ್ಷ ಎಕರೆ ನೀರಾವರಿ ಬಿಡಬೇಕಾದೀತು ಎಂಬುದು ಬಹಳ ಸಲ ಕೇಳಿಬಂದ ಅಂದಾಜು. ಕಹಿಯಾದರೂ ಈ ಕಾನೂನು ಬೇಕಿತ್ತು. ಬಂದದ್ದು ತಡವಾಯಿತು, ಅಷ್ಟೇ.

ನೀರೊಂದೇ ಅಲ್ಲ, ಚಳಿಯೂ ಬೇಕು. ಪಿಸ್ತಾ, ಚೆರ್ರಿ, ವಾಲ್‌ನಟ್ ಮರಗಳಿಗೆ ಚಳಿಗಾಲದಲ್ಲಿ ನೂರಾರು ಗಂಟೆ 7 ಡಿಗ್ರಿಗಿಂತ ಕೆಳಗಿನ ಚಳಿ ಸಿಗಬೇಕು. ಇಲ್ಲದಿದ್ದರೆ ಅವು ಸರಿಯಾಗಿ ಏಳುವುದಿಲ್ಲ. ಪಿಸ್ತಾದಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಚಳಿ ಸಾಲದಿದ್ದರೆ ಎರಡೂ ಒಂದೇ ಹೊತ್ತಿಗೆ ಹೂ ಬಿಡುವುದಿಲ್ಲ. 2015ರಲ್ಲಿ ಹಾಗೇ ಆಯಿತು. ಚಿಪ್ಪು ಇತ್ತು, ಒಳಗೆ ಕಾಳಿಲ್ಲ. ಮರದ ತುಂಬ ಜೊಳ್ಳು. ಈ ಬಯಲಿಗೆ ಚಳಿ ಕೊಡುತ್ತಿದ್ದದ್ದು ಟೂಲಿ ಎಂಬ ದಟ್ಟ ಮಂಜು. ಬೆಟ್ಟಗಳ ನಡುವೆ ತಂಪು ಗಾಳಿ ಕೂತು, ದಿನಗಟ್ಟಲೆ ಬಿಸಿಲು ಮರಕ್ಕೆ ತಾಗದಂತೆ ಅದು ಮುಚ್ಚುತ್ತಿತ್ತು. ಬರ್ಕ್ಲಿ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 32 ಚಳಿಗಾಲಗಳಲ್ಲಿ ಮಂಜಿನ ದಿನಗಳು ಶೇಕಡಾ 46 ಕಡಿಮೆಯಾಗಿದ್ದವು. ಇದಕ್ಕೆ ಬಿಸಿಯ ಜೊತೆ ಗಾಳಿ ಶುದ್ಧವಾದದ್ದೂ ಕಾರಣ. ಹೊಗೆಯ ಕಣಗಳು ಕಡಿಮೆಯಾದರೆ ಮಂಜು ಕಟ್ಟುವುದೂ ಕಡಿಮೆ. ರಸ್ತೆಗೆ ಒಳ್ಳೆಯದು, ಪಿಸ್ತಾಗೆ ಕೆಟ್ಟದ್ದು. ಬಾದಾಮಿಯ ಕಾಳು ಕೊರೆಯುವ ಹುಳಕ್ಕೆ ಬಿಸಿ ಹೆಚ್ಚಾದಷ್ಟೂ ಒಂದೇ ವರ್ಷದಲ್ಲಿ ಇನ್ನೊಂದು ತಲೆಮಾರು ಬೆಳೆಸಲು ಸಮಯ ಸಿಗುತ್ತದೆ. ಕಿತ್ತಳೆ ಬೆಳೆಯುವವರಿಗೆ ಮಾತ್ರ ಹಿಮಗಟ್ಟುವ ರಾತ್ರಿಗಳು ಕಡಿಮೆಯಾದದ್ದು ಲಾಭವೇ.

ಇನ್ನು ಸುಟ್ಟ ಮರಗಳು. ನೀವು 120ನೇ ಹೆದ್ದಾರಿಯಲ್ಲಿ ಹೋಗಿದ್ದರೆ ಕಂಡಿರುವುದು ಬಹುಶಃ 2013ರ ರಿಮ್ ಕಾಳ್ಗಿಚ್ಚಿನ ಗುರುತು. ಈ ಕಾಡಿನ ಕಥೆಯಲ್ಲಿ ಹವಾಮಾನ ಒಂದೇ ಆರೋಪಿ ಅಲ್ಲ. ಮಿವೊಕ್, ಮೋನೊ ಮುಂತಾದ ಮೂಲನಿವಾಸಿಗಳು ಸಾವಿರಾರು ವರ್ಷ ಸಣ್ಣ ಬೆಂಕಿ ಹಾಕಿ ಕಾಡಿನ ಅಡಿ ಚೊಕ್ಕಟ ಇಟ್ಟಿದ್ದರು. ಆಮೇಲೆ ಬಂದ ಆಡಳಿತ ಆ ಪದ್ಧತಿ ನಿಲ್ಲಿಸಿತು, ಬಿದ್ದ ಬೆಂಕಿಯನ್ನೆಲ್ಲ ಆರಿಸಿತು. ನೂರು ವರ್ಷದಲ್ಲಿ ಮರಗಳು ಒತ್ತೊತ್ತಾಗಿ ಬೆಳೆದವು. ಒಂದು ಮರಕ್ಕೆ ಸಾಕಾಗುವ ನೀರನ್ನು ಹತ್ತು ಮರ ಹಂಚಿಕೊಂಡವು. 2012ರಿಂದ 2016ರ ಬರದಲ್ಲಿ ಒಣಗಿದ ಮರಗಳಿಗೆ ತೊಗಟೆ ಕೊರೆಯುವ ದುಂಬಿ ಬಿತ್ತು. ನೀರಿದ್ದ ಪೈನ್ ಮರ ಅಂಟು ಸುರಿಸಿ ದುಂಬಿಯನ್ನು ಹೊರಹಾಕುತ್ತದೆ. ನೀರಿಲ್ಲದ್ದಕ್ಕೆ ಆ ಶಕ್ತಿ ಇಲ್ಲ. 2010ರಿಂದ 2017ರವರೆಗೆ ರಾಜ್ಯದಲ್ಲಿ 12.9 ಕೋಟಿ ಮರ ಸತ್ತವು, ಹೆಚ್ಚಿನವು ಸಿಯೆರಾದಲ್ಲಿ.

ನನಗೆ ಇದರಲ್ಲಿ ಎಲ್ಲಕ್ಕಿಂತ ಸಂಕಟ ಕೊಟ್ಟದ್ದು ಸಿಕ್ವೋಯಾ. ಈ ದೈತ್ಯ ಮರಗಳು ತಾವಾಗಿ ಬೆಳೆಯುವುದು ಇಡೀ ಜಗತ್ತಿನಲ್ಲಿ ಈ ಬೆಟ್ಟದ ಪಶ್ಚಿಮದ ಇಳಿಜಾರಿನಲ್ಲಿ ಮಾತ್ರ. ಸಾವಿರ, ಎರಡು ಸಾವಿರ ವರ್ಷ ಬೆಂಕಿಯ ಜೊತೆಗೇ ಬದುಕಿದ ಮರ. ಅದರ ಕಾಯಿ ಬಿರಿಯಲು ಬೆಂಕಿಯ ಬಿಸಿ ಬೇಕು. ಅಂಥ ಮರವನ್ನೇ 2020ರ ಕಾಸಲ್ ಕಾಳ್ಗಿಚ್ಚು ಕೊಂದಿತು. ದೊಡ್ಡ ಸಿಕ್ವೋಯಾಗಳಲ್ಲಿ ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಆ ಒಂದೇ ಬೆಂಕಿಯಲ್ಲಿ ಹೋದವು. ಮುಂದಿನ ವರ್ಷ ಮತ್ತೆ ಸಾವಿರಾರು. ಜನರಲ್ ಶರ್ಮನ್ ಎಂಬ ಹೆಸರುವಾಸಿ ಮರದ ಬುಡಕ್ಕೆ ಬೆಂಕಿ ತಡೆಯುವ ಹಾಳೆ ಸುತ್ತಿ ಕಾಪಾಡಬೇಕಾಯಿತು.

ಬಯಲಿಗೂ ಈ ಬೆಂಕಿಗೂ ಏನು ಸಂಬಂಧ? ಹೊಗೆ ಕೆಳಗೆ ಬಂದು ಕೂರುತ್ತದೆ. ಬಯಲಿನ ಎರಡೂ ಕಡೆ ಬೆಟ್ಟ, ಗಾಳಿ ಆಚೆ ಹೋಗಲು ದಾರಿಯಿಲ್ಲ. ದ್ರಾಕ್ಷಿ, ಬಾದಾಮಿ ಕೊಯ್ಲಿನ ಹೊತ್ತಿಗೇ ಬೆಂಕಿಯ ಕಾಲ. ಕೂಲಿಯವರು ಆ ಹೊಗೆಯಲ್ಲೇ ದುಡಿಯುತ್ತಾರೆ. ಸುಟ್ಟ ಇಳಿಜಾರಿನಲ್ಲಿ ನೆರಳಿಲ್ಲ, ಹಿಮದ ಮೇಲೆ ಮಸಿ ಬೀಳುತ್ತದೆ, ಇನ್ನೂ ಬೇಗ ಕರಗುತ್ತದೆ. ಬೇರು ಹಿಡಿಯದ ಮಣ್ಣು ಮಳೆಗೆ ಕೊಚ್ಚಿ ಜಲಾಶಯದಲ್ಲಿ ಹೂಳಾಗುತ್ತದೆ. ಪ್ರಾಣಿಗಳೂ ಜಾಗ ಬದಲಿಸಿವೆ. ನೂರು ವರ್ಷದ ಹಿಂದೆ ಜೋಸೆಫ್ ಗ್ರಿನೆಲ್ ಎಂಬ ಪ್ರಾಣಿವಿಜ್ಞಾನಿ ಯೊಸೆಮಿಟಿಯಲ್ಲಿ ಯಾವ ಇಲಿ, ಅಳಿಲು ಎಷ್ಟು ಎತ್ತರದಲ್ಲಿದೆ ಎಂದು ಬರೆದಿಟ್ಟಿದ್ದರು. ಈ ಶತಮಾನದಲ್ಲಿ ಅದೇ ದಾರಿಯಲ್ಲಿ ಮತ್ತೆ ಹೋಗಿ ನೋಡಿದಾಗ, 28 ಜಾತಿಗಳಲ್ಲಿ ಅರ್ಧದಷ್ಟು ಸರಾಸರಿ 500 ಮೀಟರ್ ಮೇಲಕ್ಕೆ ಹೋಗಿದ್ದವು.

ಈಗ ನಿಮ್ಮ ಕೊನೆಯ ಪ್ರಶ್ನೆ. ರೈತರ ಪ್ರಶ್ನೆ ಅದು, ನನಗೆ ತುಂಬಾ ಇಷ್ಟವಾಯಿತು. ಹೌದು, ಚಳಿಗಾಲದ ಹೆಚ್ಚುವರಿ ನೀರನ್ನು ತೋಟಕ್ಕೆ, ಹೊಲಕ್ಕೆ ಬಿಟ್ಟು ಇಂಗಿಸುತ್ತಾರೆ. ಫ್ರೆಸ್ನೊ ಹತ್ತಿರದ ಒಂದು ದೊಡ್ಡ ತೋಟದವರು 2011ರಲ್ಲೇ ಕಿಂಗ್ಸ್ ನದಿಯ ಪ್ರವಾಹದ ನೀರನ್ನು ದ್ರಾಕ್ಷಿ ತೋಟದಲ್ಲಿ ವಾರಗಟ್ಟಲೆ ನಿಲ್ಲಿಸಿದರು. ಬಳ್ಳಿಗಳಿಗೆ ಏನೂ ಆಗಲಿಲ್ಲ. ಗುಟ್ಟು ಇಷ್ಟೇ. ಜನವರಿ, ಫೆಬ್ರವರಿಯಲ್ಲಿ ಬಳ್ಳಿ ಮಲಗಿರುತ್ತದೆ. ಬೇರು ಹೆಚ್ಚು ಉಸಿರಾಡುವುದಿಲ್ಲ, ಹಾಗಾಗಿ ನೀರಿನಲ್ಲಿ ಬೇಗ ಕೊಳೆಯುವುದಿಲ್ಲ. ಚಿಗುರು ಬಂದ ಮೇಲೆ ಅದೇ ನೀರು ಅಪಾಯ. ದ್ರಾಕ್ಷಿ ಹೆಚ್ಚು ತಡೆಯುತ್ತದೆ. ಬಾದಾಮಿ ಫೆಬ್ರವರಿಯಲ್ಲೇ ಹೂ ಬಿಡುವುದರಿಂದ ಅದಕ್ಕೆ ಸಿಗುವ ಕಾಲ ಚಿಕ್ಕದು. ಮರಳು ಮಿಶ್ರಿತ ನೆಲ ಬೇಕು, ಜೇಡಿ ನೆಲದಲ್ಲಿ ನೀರು ನಿಂತು ಮರ ಸಾಯುತ್ತದೆ. ಯಾವ ಹೊಲದಲ್ಲಿ ಎಷ್ಟು ಇಂಗುತ್ತದೆ ಎಂಬ ನಕ್ಷೆಯನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಮಾಡಿಟ್ಟಿದೆ. ಇನ್ನೊಂದು ಎಚ್ಚರಿಕೆ ಇದೆ. ವರ್ಷಗಟ್ಟಲೆ ಹಾಕಿದ ಯೂರಿಯಾದಂಥ ಗೊಬ್ಬರದ ನೈಟ್ರೇಟ್ ಮಣ್ಣಿನಲ್ಲಿ ಉಳಿದಿದ್ದರೆ ಈ ನೀರಿನ ಜೊತೆ ಕೆಳಗಿಳಿದು ಕುಡಿಯುವ ಬಾವಿ ಸೇರುತ್ತದೆ. ಹಾಗಾಗಿ ಜಾಗ ನೋಡಿ ಬಿಡಬೇಕು.

ಈ ದಾರಿಯಲ್ಲಿ ನನಗೆ ತುಂಬಾ ನಂಬಿಕೆ ಇದೆ. ಬಯಲಿನ ಅಡಿ ಬರಿದಾಗಿರುವ ಜಾಗ ರಾಜ್ಯದ ಎಲ್ಲ ಜಲಾಶಯಗಳನ್ನು ಕೂಡಿಸಿದ್ದಕ್ಕಿಂತ ದೊಡ್ಡದು. ಕುಸಿದು ಹಾಳಾದದ್ದು ಬಿಟ್ಟರೂ ಬೇಕಾದಷ್ಟು ಉಳಿದಿದೆ. ಅಲ್ಲಿಟ್ಟ ನೀರು ಆವಿಯಾಗುವುದಿಲ್ಲ. 2023ರಲ್ಲಿ ಬೇಕೆಂದೇ ಇಂಗಿಸಿದ ನೀರು 41 ಲಕ್ಷ ಎಕರೆ ಅಡಿ, ಅಂದರೆ ಸುಮಾರು 178 ಟಿಎಂಸಿ. ಮೂರು ಕೆಆರ್‌ಎಸ್‌ಗಿಂತ ಹೆಚ್ಚು. ಆದರೂ ಅದೇ ವರ್ಷ ಎಷ್ಟೋ ನೀರು ಕೈತಪ್ಪಿತು. ಪ್ರವಾಹ ಒಂದೆರಡು ವಾರದಲ್ಲಿ ಬಂದು ಹೋಗುತ್ತದೆ, ಅಷ್ಟರಲ್ಲಿ ತಿರುಗಿಸಲು ತೂಬು, ಕಾಲುವೆ, ಅನುಮತಿ ಎಲ್ಲ ಮೊದಲೇ ಸಿದ್ಧವಿರಬೇಕು. ಹೊಸ ದೊಡ್ಡ ಅಣೆಕಟ್ಟು ಬೇಕು ಎನ್ನುವವರು ಇಲ್ಲಿ ಬಹಳ ಜನ ಇದ್ದಾರೆ. ಕಟ್ಟಲು ಒಳ್ಳೆಯ ಜಾಗಗಳಲ್ಲಿ ಆಗಲೇ ಕಟ್ಟಿಯಾಗಿದೆ. ಬೇಕಿರುವುದು ಬಯಲಿನ ಕಡೆಯ ಕಾಲುವೆಗಳು. ಜೊತೆಗೆ, ಮಳೆಯ ಮುನ್ಸೂಚನೆ ನೋಡಿಕೊಂಡು ಗೇಟು ತೆಗೆಯುವ ಹೊಸ ನಿಯಮ. ಮುಂದಿನ ವಾರ ಮಳೆ ಇಲ್ಲ ಎಂದು ಖಚಿತವಿದ್ದರೆ ಕ್ಯಾಲೆಂಡರ್ ನೋಡಿ ನೀರು ಬಿಡುವ ಅಗತ್ಯವಿಲ್ಲ. ಲೇಕ್ ಮೆಂಡೊಸಿನೊ ಎಂಬ ಸಣ್ಣ ಜಲಾಶಯದಲ್ಲಿ ಇದನ್ನು ಪ್ರಯೋಗ ಮಾಡಿ ನೀರು ಉಳಿಸಿದ್ದಾರೆ. ಕಾಡಿನಲ್ಲಿ ಹದವಾದ ಬೆಂಕಿ ಹಾಕುವ ಹಳೆಯ ಪದ್ಧತಿಯೂ ಮೆಲ್ಲಗೆ ವಾಪಸು ಬರುತ್ತಿದೆ.

ಇಂಗಿಸುವುದನ್ನು ಕಣ್ಣಾರೆ ನೋಡಬೇಕಿದ್ದರೆ ದೂರ ಹೋಗಬೇಕಿಲ್ಲ. ನಿಮ್ಮ ಮಗಳ ಊರಿನಲ್ಲೇ ಕ್ವಾರಿ ಲೇಕ್ಸ್ ಎಂಬ ಪಾರ್ಕ್ ಇದೆ. ಹಿಂದೆ ಜಲ್ಲಿ ತೆಗೆದ ಗುಂಡಿಗಳು ಅವು. ಈಗ ಅಲಮೀಡಾ ಹಳ್ಳದ ನೀರನ್ನು ಅಲ್ಲಿ ನಿಲ್ಲಿಸಿ ನೆಲಕ್ಕೆ ಇಂಗಿಸುತ್ತಾರೆ, ಆಮೇಲೆ ಬಾವಿಯಿಂದ ಎತ್ತಿ ಊರಿಗೆ ಕೊಡುತ್ತಾರೆ. ಫ್ರೀಮಾಂಟ್‌ನ ನಲ್ಲಿಯಲ್ಲಿ ಬರುವುದು ಆ ನೀರು, ಸಿಯೆರಾದ ಹೆಚ್ ಹೆಚಿ ಜಲಾಶಯದ ನೀರು, ಉತ್ತರದಿಂದ ರಾಜ್ಯದ ಕಾಲುವೆಯಲ್ಲಿ ಬಂದ ನೀರು, ಮೂರೂ ಸೇರಿದ್ದು. ಒಂದು ಸಂಜೆ ನಡೆದುಕೊಂಡು ಹೋಗಿ ನೋಡಿ ಬನ್ನಿ. ಹಳ್ಳಕ್ಕೆ ಅಡ್ಡಲಾಗಿ ರಬ್ಬರ್ ಚೀಲದಂಥ ಒಡ್ಡು ಹಾಕಿದ್ದಾರೆ, ಬೇಕಾದಾಗ ಉಬ್ಬಿಸಿ ಏರಿಸುತ್ತಾರೆ, ಬೇಡವಾದಾಗ ಇಳಿಸುತ್ತಾರೆ. ಅದನ್ನು ನೋಡಿ ಮತ್ತೇನಾದರೂ ಅನುಮಾನ ಬಂದರೆ ಖಂಡಿತ ಬರೆಯಿರಿ.